ಸಿಂದರಿನ್ ಕ್ರಿಯಾಪದಕ್ಕೆ ಬೇಕಿರುವುದು ಭಾವನಾಮ

ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಕಲ್ಪಿತ ಭಾಷೆಗಳನ್ನು ಕುರಿತು ಬಂದ ಬರಹ ಕನ್ನಡದಲ್ಲಿ ಅಪರೂಪದ್ದು. ಇಂಗ್ಲಿಷ್ ಕಾದಂಬರಿಕಾರ ಜೆ.ಆರ್.ಆರ್. ಟೋಲ್ಕಿನ್ ತಮ್ಮ ಕಥೆಗಳ ಎಲ್ಫ್ ಜನರಿಗಾಗಿ ಕಟ್ಟಿದ ಸಿಂದರಿನ್ ನುಡಿಗೆ ಅದರಲ್ಲಿ ಒಳ್ಳೆಯ ಜಾಗ ಸಿಕ್ಕಿದೆ. ಕಲಿಯಬಯಸುವವರಿಗೆಂದು ಕ್ರಿಯಾಪದಗಳ ಪಟ್ಟಿಯೊಂದನ್ನೂ ಕೊಟ್ಟಿದ್ದೀರಿ. ಬರಹದ ಬಗ್ಗೆ ನನ್ನ ತಕರಾರಿಲ್ಲ, ಪಟ್ಟಿಯ ಮೊದಲ ಕಾಲಂ ಬಗ್ಗೆ ಇದೆ. ಅಲ್ಲಿ ‘ಹಾಡಲು’ ಎಂಬುದಕ್ಕೆ ಲಿನ್ನೊ, ‘ಬರೆಯಲು’ ಎಂಬುದಕ್ಕೆ ತೆಯ್ಥೊ, ‘ತಿನ್ನಲು’ ಎಂಬುದಕ್ಕೆ ಮೆದಿ ಎಂದಿದೆ. ಇವೇ ಸಿಂದರಿನ್ನಿನ ಇನ್ಫಿನಿಟಿವ್ (‘ಹಾಡಲು’ ಎಂಬಂಥ) ರೂಪಗಳು, ವಾಕ್ಯದಲ್ಲಿ ಇವನ್ನೇ ಬಳಸಬೇಕು ಎಂಬ ಟಿಪ್ಪಣಿಯೂ ಇದೆ. ಕಲಿಯುವವರು ಮೊದಲು ಬಾಯಿಪಾಠ ಮಾಡುವುದೇ ಆ ಕಾಲಂ ಆದ್ದರಿಂದ, ಅಲ್ಲಿಯ ತಪ್ಪು ಮುಂದಿನ ಎಲ್ಲ ವಾಕ್ಯಗಳಿಗೂ ಹರಡುತ್ತದೆ. ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಓದುವವರಿಗೆ ಮೊದಲೊಂದು ಸೂಚನೆ. ಕೆಳಗಿನ ಉದಾಹರಣೆಗಳಲ್ಲಿ ‘ಥ’ ಎಂದಲ್ಲೆಲ್ಲ ಇಂಗ್ಲಿಷಿನ ‘ಥಿಂಕ್’ ಪದದ ಮೊದಲ ಧ್ವನಿ, ‘ಫ’ ಎಂದಲ್ಲಿ ‘ಫೋನ್’ ಪದದ ಧ್ವನಿ, ‘ಖ’ ಎಂದಲ್ಲಿ ಗಂಟಲಲ್ಲಿ ಉಜ್ಜಿ ಬರುವ ಧ್ವನಿ. ನಮ್ಮ ಮಹಾಪ್ರಾಣಗಳಲ್ಲ. ಲಿಪಿಯಲ್ಲಿ ಬೇರೆ ದಾರಿಯಿಲ್ಲದ್ದಕ್ಕೆ ಹೀಗೆ.

ಪಟ್ಟಿಯಲ್ಲಿರುವ ‘-ಒ’, ‘-ಇ’ ಕೊನೆಗಳು ಎಲ್ಲಿಂದ ಬಂದವು? ಟೋಲ್ಕಿನ್ ಒಂದೇ ಸಲ ಕುಳಿತು ಸಿಂದರಿನ್ ಕಟ್ಟಲಿಲ್ಲ. ವೇಲ್ಸ್ ನಾಡಿನ ವೆಲ್ಶ್ ನುಡಿಯ ಸ್ವಭಾವಕ್ಕೆ ಹತ್ತಿರವಾಗುವ ಭಾಷೆಯೊಂದನ್ನು 1917ರ ಸುಮಾರಿನಿಂದಲೇ ಮಾಡುತ್ತ, ಕೆಡಿಸುತ್ತ, ಮತ್ತೆ ಮಾಡುತ್ತ ಬಂದರು. 1930ರ ದಶಕದಲ್ಲಿ ಅದರ ಹೆಸರು ನೊಲ್ದೊರಿನ್. ಆ ದಶಕದ ಕೊನೆಯ ಭಾಗದಲ್ಲಿ ಅವರು ಬೇರುಪದಗಳ ದೊಡ್ಡ ಪಟ್ಟಿಯೊಂದನ್ನು ಬರೆದಿಟ್ಟರು. ತೆಯ್ಥೊ, ಮೆದಿ, ಗಿರಿ (ನಡುಗು), ಬ್ಲೆಬಿ (ರೆಕ್ಕೆ ಬಡಿ) ಮುಂತಾದ ರೂಪಗಳು ಇರುವುದು ಅದರಲ್ಲಿ, ನೊಲ್ದೊರಿನ್ ಎಂಬ ಗುರುತಿನ ಜೊತೆಗೆ. ಭಾಷೆಯ ಹೆಸರು, ಚರಿತ್ರೆ, ವ್ಯಾಕರಣದ ಹಲವು ಭಾಗಗಳು ಬದಲಾಗಿ ಅದು ಸಿಂದರಿನ್ ಆದದ್ದು 1950ರ ದಶಕದ ಆರಂಭದಲ್ಲಿ. ಆದರೆ ಬೇರುಪದಗಳ ಪಟ್ಟಿ ಅಚ್ಚಾದದ್ದು 1987ರಲ್ಲಿ, ಟೋಲ್ಕಿನ್ ತೀರಿಕೊಂಡ 14 ವರ್ಷಗಳ ಮೇಲೆ. ಆಗ ಅಭ್ಯಾಸಿಗಳ ಕೈಯಲ್ಲಿದ್ದ ಸಿಂದರಿನ್ ವಾಕ್ಯಗಳು ಬಹಳ ಕಡಿಮೆ. ಖಾಲಿ ಬಿಟ್ಟ ಜಾಗಗಳನ್ನು ನೊಲ್ದೊರಿನ್ನಿನಿಂದ ತುಂಬಿಸಿಕೊಂಡರು. ಅಂತರ್ಜಾಲದ ಹಳೆಯ ಪಾಠಗಳಲ್ಲಿ ಆ ತುಂಬುವಿಕೆಯೇ ನಿಯಮವಾಗಿ ನಿಂತಿತು. ನಿಮ್ಮ ಪಟ್ಟಿ ಅಂಥ ಪಾಠವೊಂದರಿಂದ ಬಂದಿರಬೇಕು.

ನೊಲ್ದೊರಿನ್ ರೂಪವನ್ನು ಹಾಗೇ ಸಿಂದರಿನ್ನಿಗೆ ತಂದರೆ ಏನು ಕೆಡುತ್ತದೆ ಎಂದರೆ, ಸಿಂದರಿನ್ನಿನಲ್ಲಿ ‘-ಒ’ ಕೊನೆಗೆ ಬೇರೊಂದು ಕೆಲಸ ಆಗಲೇ ಗೊತ್ತಾಗಿದೆ. ಅದು ವಿಧ್ಯರ್ಥ, ಅಂದರೆ ಆಜ್ಞೆ, ಬೇಡಿಕೆ, ಹಾರೈಕೆ. ಟೋಲ್ಕಿನ್ ಕಾದಂಬರಿಯ ಮೋರಿಯಾ ಎಂಬ ನೆಲದಡಿಯ ಊರಿನ ಬಾಗಿಲ ಮೇಲೆ ಕೆತ್ತಿದ ಮಾತಿನಲ್ಲಿರುವ ಪೆದೊ (‘ಹೇಳು’), ಮಿನ್ನೊ (‘ಒಳಗೆ ಬಾ’), ಬಾಗಿಲನ್ನು ತೆರೆಯಲು ಹೇಳುವ ಎದ್ರೊ (‘ತೆರೆ’), ಲಸ್ತೊ (‘ಆಲಿಸು’), ಕುದುರೆಗೆ ಹೇಳುವ ನೊರೊ (‘ಓಡು’), ಎಲ್ಲವೂ ವಿಧ್ಯರ್ಥ. ಕುಯ್ಯೊ ಎಂದರೆ ‘ಬಾಳಲಿ, ಬಾಳು’. ಈಗ ನಿಮ್ಮ ಪಟ್ಟಿಯನ್ನು ನಂಬಿ ಒಬ್ಬರು ‘ನಾನು ಬರೆಯಲು ಬಯಸುತ್ತೇನೆ’ ಎಂಬಲ್ಲಿ ತೆಯ್ಥೊ ಎಂದು ಹಾಕಿದರೆ, ಓದುವವರಿಗೆ ಅದು ‘ನಾನು ಬಯಸುತ್ತೇನೆ, ಬರೆ!’ ಎಂದಾಗುತ್ತದೆ. ಉಂಗುರದ ಮೇಲೆ, ತೋಳಿನ ಹಚ್ಚೆಯಲ್ಲಿ ಸಿಂದರಿನ್ ಬರೆಸಿಕೊಳ್ಳುವವರು ಈಗ ಬಹಳ ಮಂದಿ ಇದ್ದಾರೆ. ‘ಪ್ರೀತಿಸುವುದು, ಬದುಕುವುದು’ ಎಂದು ಬರೆಸಲು ಹೋಗಿ ಎರಡು ಅಪ್ಪಣೆಗಳನ್ನು ಕೆತ್ತಿಸಿಕೊಂಡರೆ ಅಳಿಸುವುದು ಸುಲಭವಲ್ಲ.

ಹಾಗಾದರೆ ಸಿಂದರಿನ್ ಈ ಕೆಲಸಕ್ಕೆ ಏನನ್ನು ಬಳಸುತ್ತದೆ? ಇದಕ್ಕೆ ಟೋಲ್ಕಿನ್ ಅವರದೇ ಸಾಕ್ಷ್ಯ ಇದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ಗೆ ಅವರು ಬರೆದು, ಕೊನೆಗೆ ಕೈಬಿಟ್ಟ ಉಪಸಂಹಾರವೊಂದರಲ್ಲಿ ರಾಜ ಅರಗೊರ್ನ್ ತನ್ನ ಗೆಳೆಯ ಸ್ಯಾಮ್‌ಗೆ ಬರೆದ ಕಾಗದವಿದೆ. ಪೂರ್ತಿ ಸಿಂದರಿನ್ ಗದ್ಯ. 1992ರಲ್ಲಿ ಅಚ್ಚಾಯಿತು. ಅದರಲ್ಲಿ ‘ಎ ಅನೀರ ಎನ್ನಸ್ ಸುಯ್ಲನ್ನದ್ ವೆಲ್ಲಿನ್ ಈನ್ ಫೈನ್’ ಎಂಬ ವಾಕ್ಯವಿದೆ: ಅವನು (ಎ) ಬಯಸುತ್ತಾನೆ (ಅನೀರ) ಅಲ್ಲಿ (ಎನ್ನಸ್) ವಂದಿಸುವುದನ್ನು (ಸುಯ್ಲನ್ನದ್) ಗೆಳೆಯರನ್ನು, ತನ್ನ, ಎಲ್ಲರನ್ನೂ. ಮುಂದೆಯೇ ‘ಅನೀರ ತೀರದ್’, ಅಂದರೆ ‘ನೋಡುವುದನ್ನು ಬಯಸುತ್ತಾನೆ’. ಇಂಗ್ಲಿಷಿನಲ್ಲಿ ‘ಟು’ ಸೇರಿಸುವಲ್ಲಿ, ನಾವು ‘ವಂದಿಸಲು, ನೋಡಲು’ ಎನ್ನುವಲ್ಲಿ ಸಿಂದರಿನ್ ‘-ಅದ್’ ಕೊನೆಯ ನಾಮಪದವನ್ನು ಇಟ್ಟಿದೆ. ಇದನ್ನೇ ಕ್ರಿಯೆಯಿಂದ ಹುಟ್ಟಿದ ನಾಮ, ಕೃದಂತ ಭಾವನಾಮ ಎನ್ನಬೇಕು. ಇನ್ಫಿನಿಟಿವ್ ಎಂಬ ಇನ್ನೊಂದು ರೂಪದ ಅಗತ್ಯವೇ ಬೀಳುವುದಿಲ್ಲ.

ಕಟ್ಟುವ ಕ್ರಮ ಹೀಗೆ. ಸಿಂದರಿನ್ ಧಾತುಗಳು ಎರಡು ಬಗೆ. ಕೊನೆಯಲ್ಲಿ ‘ಅ’ ಇರುವವು ಒಂದು: ಲಿನ್ನ- (ಹಾಡು), ಲಸ್ತ- (ಆಲಿಸು), ತೆಯ್ಥ- (ಬರೆ), ಸುಯ್ಲನ್ನ- (ವಂದಿಸು). ಇವಕ್ಕೆ ‘ದ್’ ಹತ್ತಿದರೆ ಭಾವನಾಮ ಸಿದ್ಧ: ಲಿನ್ನದ್, ಲಸ್ತದ್, ತೆಯ್ಥದ್, ಸುಯ್ಲನ್ನದ್. ‘ಮೆರೆಥ್ ಅದೆರ್ಥದ್’ ಎಂಬ ಹೆಸರಿನ (ಮರುಕೂಡುವಿಕೆಯ ಹಬ್ಬ) ಎರಡನೆಯ ಪದವೂ ಇದೇ ಅಚ್ಚು. ವ್ಯಂಜನದಲ್ಲಿ ಮುಗಿಯುವ ಧಾತುಗಳು ಇನ್ನೊಂದು ಬಗೆ: ಪೆದ್- (ಹೇಳು), ಕಬ್- (ನೆಗೆ), ಗಿರ್- (ನಡುಗು), ಮದ್- (ತಿನ್ನು). ಇವಕ್ಕೆ ‘-ಎದ್’: ಪೆದೆದ್, ಕಬೆದ್, ಗಿರೆದ್, ಮದೆದ್. ಕಬೆದ್ ನಮಗೆ ಸಿಗುವುದು ಟೋಲ್ಕಿನ್ ಬರೆದ ಟೂರಿನ್ ಎಂಬ ವೀರನ ಕಥೆಯ ಕಮರಿಯ ಹೆಸರಿನಲ್ಲಿ, ‘ಕಬೆದ್-ಎನ್-ಅರಸ್’, ಜಿಂಕೆಯ ನೆಗೆತ. ಉಳಿದವು ಅದೇ ಅಚ್ಚಿನಲ್ಲಿ ನಾವು ಮಾಡಿಕೊಂಡವು. ಈ ವ್ಯತ್ಯಾಸವನ್ನು ಪಟ್ಟಿಯಲ್ಲಿ ತೋರಿಸದೆ ಹೋದರೆ ಕಲಿಯುವವರಿಗೆ ಟೋಲ್ಕಿನ್ ಬರೆದದ್ದು ಯಾವುದು, ನಮ್ಮ ಊಹೆ ಯಾವುದು ಎಂದು ತಿಳಿಯುವುದೇ ಇಲ್ಲ. ಊಹೆಯ ರೂಪದ ಮುಂದೆ ಒಂದು ನಕ್ಷತ್ರದ ಗುರುತು ಹಾಕುವುದು ಭಾಷಾಶಾಸ್ತ್ರದಲ್ಲಿ ಹಳೆಯ ಪದ್ಧತಿ.

ಎರಡನೆಯ ಬಗೆಯಲ್ಲಿ ಒಂದು ಗುಂಡಿ ಇದೆ, ಬಹುಮಂದಿ ಬೀಳುವುದು ಅಲ್ಲೇ. ನೊಲ್ದೊರಿನ್ ಪಟ್ಟಿಯ ‘-ಇ’ ಕೊನೆ ತನ್ನ ಹಿಂದಿನ ಸ್ವರವನ್ನು ಎಳೆದುಕೊಳ್ಳುತ್ತದೆ. ಧಾತುವಿನ ‘ಅ’ ಮುಂದಿನ ‘ಇ’ಕಾರದ ಸೆಳೆತಕ್ಕೆ ‘ಎ’ ಆಗುತ್ತದೆ. ಬ್ಲಬ್- ಎಂಬುದು ಬ್ಲೆಬಿ ಆದದ್ದು, ತ್ರೆನರ್- (ಪೂರ್ತಿ ಹೇಳು) ಎಂಬುದು ತ್ರೆನೆರಿ ಆದದ್ದು, ಮದ್- ಎಂಬುದು ಮೆದಿ ಆದದ್ದು ಹೀಗೆ. ಪಟ್ಟಿಯಲ್ಲಿ ಮೆದಿ ಎಂದು ಕಂಡವರು ಕೊನೆಯ ‘ಇ’ ತೆಗೆದು ‘ಮೆದ್-’ ಎಂಬ ಧಾತು ಇದೆ ಎಂದುಕೊಳ್ಳುತ್ತಾರೆ, ಅದರಿಂದ ‘ಮೆದೆದ್’ ಮಾಡುತ್ತಾರೆ. ಅಂಥ ಧಾತುವೇ ಇಲ್ಲ. ಸ್ವರವನ್ನು ಮೊದಲು ಹಿಂದಕ್ಕೆ ತಿರುಗಿಸಬೇಕು: ಮೆದಿ, ಮದ್-, ಮದೆದ್. ಹಾಗೆಂದು ಕಂಡ ‘ಎ’ಕಾರವನ್ನೆಲ್ಲ ‘ಅ’ ಮಾಡಲೂ ಆಗದು. ಪೆದ್- ಧಾತುವಿನ ‘ಎ’ ಹುಟ್ಟಿನಿಂದಲೇ ‘ಎ’, ಅದರ ಮೂಲ ಬೇರು ಕ್ವೆತ್. ಯಾವುದು ಯಾವುದೆಂದು ತಿಳಿಯಲು ಎರಡು ದಾರಿ. ಬೇರುಪದ ಗೊತ್ತಿದ್ದರೆ ಅದರ ಸ್ವರ ನೋಡುವುದು: ಮತ್ ಎಂಬ ಬೇರಿನಲ್ಲಿ ‘ಅ’ ಇದೆ, ಕ್ವೆತ್ ಎಂಬುದರಲ್ಲಿ ‘ಎ’. ವಿಧ್ಯರ್ಥ ರೂಪ ಎಲ್ಲಾದರೂ ಸಿಕ್ಕರೆ ಅದು ಇನ್ನೂ ಒಳ್ಳೆಯದು, ಏಕೆಂದರೆ ‘ಒ’ಕಾರ ಹಿಂದಿನ ಸ್ವರವನ್ನು ಮುಟ್ಟುವುದಿಲ್ಲ. ಪೆದೊ ಎಂದು ಇರುವುದರಿಂದ ಧಾತು ಪೆದ್- ಎಂಬುದರಲ್ಲಿ ಅನುಮಾನವಿಲ್ಲ.

ನಿಯಮಕ್ಕೆ ಸರಿಯಾಗಿ ಹೊಂದದ ಎರಡು ರೂಪಗಳು ರಾಜನ ಕಾಗದದಲ್ಲೇ ಇವೆ. ಅವನ್ನು ಮುಚ್ಚಿಡಬಾರದು. ತಿರ್- ವ್ಯಂಜನಾಂತ ಧಾತು, ನಿಯಮದಂತೆ ‘ತಿರೆದ್’ ಬರಬೇಕಿತ್ತು. ಬಂದಿರುವುದು ತೀರದ್. ‘ತೀರ-’ ಎಂಬ ಅಕಾರಾಂತ ಧಾತು ಬೇರೆಯೇ ಇದ್ದಿರಬೇಕು ಎಂದು ಕೆಲವರು ಬಿಡಿಸುತ್ತಾರೆ. ಇನ್ನೊಂದು ಗೆನೆದಿಯದ್, ‘ಎಣಿಕೆ’ ಎಂಬ ಅರ್ಥದ್ದು. ಹಳೆಯ ಪಟ್ಟಿಯಲ್ಲಿ ಗೊನೊದ್- ಎಂಬುದರ ಜೊತೆಗೆ ಗೆನೆದಿ ಎಂಬ ರೂಪವೂ ಇದೆ. ಇಕಾರ ಎಳೆದ ಸ್ವರವನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ‘-ಅದ್’ ಕೂತಂತೆ ಇದು ಕಾಣುತ್ತದೆ. ನನ್ನ ಎಣಿಕೆಯಲ್ಲಿ ‘-ಅದ್’ ಕೊನೆ ಹರಡುವ ಗುಣದ್ದು, ‘-ಎದ್’ ಅಷ್ಟು ಗಟ್ಟಿಯಲ್ಲ. ಆದರೂ ಹೊಸಬರು ಎರಡು ಬಗೆಗಳ ನಿಯಮವನ್ನೇ ಹಿಡಿದು, ಈ ಎರಡನ್ನು ಹೊರಗಿನವೆಂದು ನೆನಪಿಟ್ಟುಕೊಳ್ಳುವುದು ಕ್ಷೇಮ.

‘-ಅದ್’ ಇದ್ದದ್ದೆಲ್ಲ ಒಂದೇ ಬಗೆಯಲ್ಲಿ ನಡೆಯುವುದೂ ಇಲ್ಲ. ಅದೇ ಕಾಗದದ ಕೊನೆಯಲ್ಲಿ ‘ಸುಯ್ಲದ್ ಉಯ್ನ್ ಅರನ್’, ‘ರಾಜನಿಂದ ವಂದನೆ’ ಎಂದಿದೆ. ಅಲ್ಲಿ ಸುಯ್ಲದ್ ಬರಿಯ ನಾಮ, ಯಾರನ್ನು ಎಂಬ ಕರ್ಮ ಅದಕ್ಕಿಲ್ಲ. ಮೇಲಿನ ಸುಯ್ಲನ್ನದ್ ಕರ್ಮವನ್ನು ಕಟ್ಟಿಕೊಂಡು ನಡೆಯುತ್ತದೆ. ನಮ್ಮ ‘ವಂದನೆ’ ಮತ್ತು ‘ವಂದಿಸುವುದು’ ಇವುಗಳ ನಡುವಿನ ಅಂತರವೇ ಇದು.

ಇಲ್ಲಿ ಕನ್ನಡದ ಓದುಗರಿಗೆ ಇಂಗ್ಲಿಷಿನ ಮೂಲಕ ಹೋಗುವವರಿಗಿಂತ ಅನುಕೂಲ ಹೆಚ್ಚು. ಶಾಲೆಯ ವ್ಯಾಕರಣ ‘ಓಟ, ನೋಟ, ನಡಿಗೆ, ಓದುವಿಕೆ’ಗಳನ್ನು ಕೃದಂತ ಭಾವನಾಮ ಎನ್ನುತ್ತದೆ, ‘ಓದಲು, ಓದಲಿಕ್ಕೆ’ ಎಂಬವನ್ನು ಕೃದಂತಾವ್ಯಯ ಎನ್ನುತ್ತದೆ. ‘ಪುಸ್ತಕದ ಓದು’ ಎಂದಾಗ ಓದು ಷಷ್ಠಿಯನ್ನು ಬೇಡುತ್ತದೆ. ‘ಪುಸ್ತಕವನ್ನು ಓದುವುದು’ ಎಂದಾಗ ಕರ್ಮ ದ್ವಿತೀಯೆಯಲ್ಲೇ ಉಳಿಯುತ್ತದೆ, ಆದರೂ ‘ಓದುವುದು’ ವಿಭಕ್ತಿ ಹಿಡಿಯುವ ನಾಮವೇ: ಓದುವುದನ್ನು, ಓದುವುದರಿಂದ, ಓದುವುದಕ್ಕೆ. ಸಿಂದರಿನ್ ಭಾವನಾಮ ‘ಓದು’ ಮತ್ತು ‘ಓದುವುದು’ ಎರಡರ ಕೆಲಸವನ್ನೂ ಮಾಡುತ್ತದೆ. ‘ಓದಲು’ ಎಂಬ ಅವ್ಯಯದ ಜಾಗದಲ್ಲಿ ಅದಕ್ಕೆ ಬೇರೆ ರೂಪ ಬೇಕಿಲ್ಲ. ನಮ್ಮ ಆಡುಮಾತೂ ಅದೇ ಕಡೆಗೆ ನಡೆದಿದೆ ಎಂಬುದನ್ನು ಗಮನಿಸಿ. ಮೈಸೂರು ಕಡೆಯ ‘ಓದೋಕೆ, ಮಾಡೋಕೆ’ ಎಂಬುದು ‘ಓದುವುದಕ್ಕೆ, ಮಾಡುವುದಕ್ಕೆ’ ಎಂಬುದರ ಸವೆದ ರೂಪ. ಭಾವನಾಮಕ್ಕೆ ಚತುರ್ಥಿ ಹತ್ತಿ ಅದೇ ಇನ್ಫಿನಿಟಿವ್ ಕೆಲಸ ಮಾಡುತ್ತಿದೆ.

ಟೋಲ್ಕಿನ್ ಹೀಗೆ ಮಾಡಿದ್ದು ಮಾದರಿ ಇಲ್ಲದೆ ಅಲ್ಲ. ವೆಲ್ಶ್ ಮತ್ತು ಐರಿಶ್ ಎಂಬ ಕೆಲ್ಟಿಕ್ ಬಳಗದ ನುಡಿಗಳೆರಡರಲ್ಲೂ ಇನ್ಫಿನಿಟಿವ್ ಎಂಬ ಪ್ರತ್ಯೇಕ ರೂಪವಿಲ್ಲ, ಆ ಕೆಲಸವೆಲ್ಲ ಭಾವನಾಮದ್ದು. ವೆಲ್ಶಿನಲ್ಲಿ ಭಾವನಾಮದ ಕೊನೆಯನ್ನು ಧಾತುವಿನ ಸ್ವರವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಧಾತುವಿನಲ್ಲಿ ‘ಒ’ ಇದ್ದರೆ ಕೊನೆ ‘-ಇ’: ತೊರ್ರಿ (ಮುರಿಯುವುದು), ಗೊಲ್ಖಿ (ತೊಳೆಯುವುದು). ಧಾತುವಿನಲ್ಲಿ ‘ಇ’ ಇದ್ದರೆ ಕೊನೆ ‘-ಒ’: ಬ್ಲಿನೊ (ದಣಿಯುವುದು). ‘ಅ’ ಇದ್ದರೆ ಬರವಣಿಗೆಯಲ್ಲಿ ‘ಯು’ ಅಕ್ಷರ ಬರುತ್ತದೆ, ದಕ್ಷಿಣ ವೇಲ್ಸಿನ ಬಾಯಲ್ಲಿ ಅದರ ಉಚ್ಚಾರ ‘ಇ’ ಎಂದೇ: ಕನಿ (ಹಾಡುವುದು), ಕರಿ (ಪ್ರೀತಿಸುವುದು). ನೊಲ್ದೊರಿನ್ನಿನ ‘-ಒ’, ‘-ಇ’ ಜೋಡಿ ಈ ಕೊನೆಗಳನ್ನು ನೆನಪಿಸುವುದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ. ‘-ಎದ್’ ಕೊನೆಯವೂ ವೆಲ್ಶಿನಲ್ಲಿ ಉಂಟು: ಕೆರ್ಧೆದ್ (ನಡೆಯುವುದು), ಅವೆದ್ (ಕುಡಿಯುವುದು). ‘-ಅದ್’ ಕೊನೆ ವೆಲ್ಶಿನಲ್ಲಿ ಸಾಮಾನ್ಯವಾಗಿ ಕ್ರಿಯೆಯ ಫಲವನ್ನು ಹೇಳುವ ನಾಮಕ್ಕೆ ಬರುತ್ತದೆ: ಅದೈಲದ್ ಎಂದರೆ ಕಟ್ಟಡ, ಕಟ್ಟುವುದು ಎಂಬುದಕ್ಕೆ ಅದೈಲದಿ. ಅಂದರೆ ವೆಲ್ಶಿನಲ್ಲಿ ‘ಕಟ್ಟಡ’ದ ಸಾಲಿನಲ್ಲಿ ನಿಲ್ಲುವ ಕೊನೆಗೆ ಸಿಂದರಿನ್ನಿನಲ್ಲಿ ‘ಕಟ್ಟುವುದು’ ಎಂಬುದರ ಕೆಲಸವೂ ಸಿಕ್ಕಿದೆ. ಮೈಬಣ್ಣ ವೆಲ್ಶಿನದು, ಕೆಲಸದ ಹಂಚಿಕೆ ಟೋಲ್ಕಿನ್ ಅವರದು.

ವೆಲ್ಶ್ ಬಲ್ಲವರೂ ಇಲ್ಲೇ ಎಡವುತ್ತಾರೆ, ಕರ್ಮದ ವಿಷಯದಲ್ಲಿ. ಕೆಲ್ಟಿಕ್ ನುಡಿಗಳಲ್ಲಿ ಪದದ ಮೊದಲ ವ್ಯಂಜನ ಸಂದರ್ಭಕ್ಕೆ ತಕ್ಕಂತೆ ಮೆತ್ತಗಾಗುತ್ತದೆ. ವೆಲ್ಶಿನಲ್ಲಿ ಕ, ತ, ಪಗಳು ಗ, ದ, ಬಗಳಾಗುತ್ತವೆ, ಮ ಎಂಬುದು ವ ಆಗುತ್ತದೆ. ಮಳೆಗಾಲ, ಬೆಟ್ಟದಾವರೆ, ಕಂಬನಿ, ಮೆಲ್ವಾತು ಎಂಬ ಆದೇಶ ಸಂಧಿಯ ಉದಾಹರಣೆಗಳನ್ನು ಕಲಿತ ಯಾರಿಗೂ ಈ ಬದಲಾವಣೆ ಹೊಸದಲ್ಲ. ನಮ್ಮಲ್ಲಿ ಅದು ಸಮಾಸದೊಳಗೆ ನಡೆಯುತ್ತದೆ, ಅಲ್ಲಿ ವಾಕ್ಯದಲ್ಲಿ ಪದದ ಕೆಲಸವನ್ನು ಹೇಳಲು ನಡೆಯುತ್ತದೆ, ಅಷ್ಟೇ. ವೆಲ್ಶಿನಲ್ಲಿ ‘ಹುಡುಗಿಯನ್ನು ಕಂಡೆ’ ಎನ್ನಲು ಗ್ವೆಲೈಸ್ ವೆರ್ಖ್. ಮೆರ್ಖ್ (ಹುಡುಗಿ) ಎಂಬುದು ಕರ್ಮವಾದ್ದರಿಂದ ವೆರ್ಖ್ ಆಗಿದೆ. ಆದರೆ ‘ಹುಡುಗಿಯನ್ನು ಕಾಣುವುದು’ ಎನ್ನಲು ಗ್ವೆಲ್ದ್ ಮೆರ್ಖ್, ಬದಲಾವಣೆಯಿಲ್ಲ. ಭಾವನಾಮದ ಮುಂದೆ ಬರುವುದು ಅವರ ಲೆಕ್ಕದಲ್ಲಿ ಷಷ್ಠಿ, ‘ಹುಡುಗಿಯ ಕಾಣುವಿಕೆ’ ಎಂದಂತೆ. ಐರಿಶಿನಲ್ಲಿ ಆ ಷಷ್ಠಿ ಕಣ್ಣಿಗೇ ಕಾಣುತ್ತದೆ: ಒಬರ್ ಎಂದರೆ ಕೆಲಸ, ‘ಕೆಲಸ ಮಾಡುತ್ತ’ ಎನ್ನಲು ಎಗ್ ದ್ಯೇನವ್ ನ ಹೆಬ್ರೆ, ಅಕ್ಷರಶಃ ‘ಕೆಲಸದ ಮಾಡುವಿಕೆಯಲ್ಲಿ’.

ಸಿಂದರಿನ್ ಈ ಜಾಗದಲ್ಲಿ ವೆಲ್ಶಿನ ಜೊತೆ ಹೋಗುವುದಿಲ್ಲ. ಮೆಲ್ಲಿನ್ (ಗೆಳೆಯರು) ಎಂಬ ಪದ ಸುಯ್ಲನ್ನದ್ ಮುಂದೆ ವೆಲ್ಲಿನ್ ಆಗಿದೆ, ‘ಲಸ್ತೊ ಬೆಥ್’ (ಮಾತನ್ನು ಆಲಿಸು) ಎಂಬಲ್ಲಿ ಪೆಥ್ ಎಂಬುದು ಬೆಥ್ ಆದಂತೆಯೇ. ಅಂದರೆ ಭಾವನಾಮದ ಕರ್ಮವನ್ನು ಸಿಂದರಿನ್ ಕ್ರಿಯಾಪದದ ಕರ್ಮದಂತೆಯೇ ಕಾಣುತ್ತದೆ. ‘ಮೆಲ್ಲೊನ್’ ಎಂಬ ಪದ ಮೋರಿಯಾದ ಬಾಗಿಲ ಮೇಲೆ ಪೆದೊ ಆದ ಮೇಲೂ ಬದಲಾಗಿಲ್ಲವಲ್ಲ ಎಂದು ಕೇಳುವವರುಂಟು. ಅಲ್ಲಿ ಅದು ಬಾಗಿಲು ತೆರೆಯುವ ಗುಟ್ಟಿನ ಮಾತು, ಹೇಳಬೇಕಾದ್ದನ್ನು ಇದ್ದ ಹಾಗೇ ಎತ್ತಿಟ್ಟಿದೆ.

ಎಡವುವ ಎರಡನೆಯ ಜಾಗ, ಭಾವನಾಮವೇ ಕರ್ಮವಾದಾಗ. ಅನೀರ ಎಂಬ ಕ್ರಿಯಾಪದದ ಮುಂದೆ ತೀರದ್ ಬಂದಿದೆ, ‘ದೀರದ್’ ಆಗಿಲ್ಲ. ನಿಯಮವನ್ನು ಅರ್ಧ ಕಲಿತವರು ಇಲ್ಲಿ ತ ಎಂಬುದನ್ನು ದ ಮಾಡುತ್ತಾರೆ. ವೆಲ್ಶಿನಲ್ಲಿ ‘ನೋಡಲು ಇಷ್ಟಪಡುವೆ’ ಎಂಬಂಥಲ್ಲಿ ಗ್ವೆಲ್ದ್ ಎಂಬುದು ವೆಲ್ದ್ ಆಗುವುದರಿಂದ, ವೆಲ್ಶ್ ಬಲ್ಲವರ ಕೈಯಲ್ಲಿ ಈ ತಪ್ಪು ಇನ್ನೂ ಹೆಚ್ಚು. ರಾಜನ ಕಾಗದವೇ ಪ್ರಮಾಣ: ಬಯಕೆಯ ಕ್ರಿಯಾಪದದ ಮುಂದೆ ಭಾವನಾಮ ಇದ್ದಂತೆ ಇರಲಿ, ಆ ಭಾವನಾಮದ ಮುಂದಿನ ಕರ್ಮ ಮೆತ್ತಗಾಗಲಿ.

ಕರ್ತೃವನ್ನು ಹೇಳಬೇಕಾದರೆ ದಾರಿ ಬೇರೆ. ಕಬೆದ್-ಎನ್-ಅರಸ್ ಎಂಬಲ್ಲಿ ನೆಗೆದದ್ದು ಜಿಂಕೆ. ನಡುವಿನ ‘ಎನ್’ ಷಷ್ಠಿಯ ಗುರುತು. ಹೀಗಾಗಿ ಕರ್ತೃ ಬಂದರೆ ‘ಎನ್’ ಇಡಿ, ಕರ್ಮ ಬಂದರೆ ನೇರವಾಗಿ ಮೆತ್ತಗಿನ ರೂಪದಲ್ಲಿ ಇಡಿ. ‘ಮಕ್ಕಳ ಓದು’, ‘ಪುಸ್ತಕದ ಓದು’ ಎಂದು ನಾವು ಎರಡಕ್ಕೂ ಷಷ್ಠಿ ಹಾಕಿದಾಗ ಹುಟ್ಟುವ ಸಂದಿಗ್ಧ ಆಗ ಬರುವುದಿಲ್ಲ.

ಉದ್ದೇಶ ಹೇಳುವ ‘ನೋಡೋಕೆ, ಹೇಳೋಕೆ’ ರೂಪಕ್ಕೆ ‘ಅನ್’ ಎಂಬ 'ಗೆ, ಕ್ಕೆ' ಅರ್ಥದ ಪದವನ್ನು ಭಾವನಾಮದ ಹಿಂದೆ ಇಡುವುದು ರೂಢಿ. ನಾವು ಮುಂದೆ ಹತ್ತಿಸುವ ಚತುರ್ಥಿ ಅಲ್ಲಿ ಹಿಂದೆ ನಿಲ್ಲುತ್ತದೆ. ಇದರ ಸಂಧಿಯನ್ನು ರಾಜನ ಕಾಗದದಿಂದಲೇ ಕಲಿಯಬಹುದು. ಪೆರ್ಹೈಲ್ ಎಂಬುದು ಅಲ್ಲಿ ಸ್ಯಾಮ್‌ನ, ಮೆರಿಲ್ ಎಂಬುದು ಅವನ ಹೆಂಡತಿಯ ಸಿಂದರಿನ್ ಹೆಸರು. ‘ಪೆರ್ಹೈಲ್‌ಗೆ’ ಎಂಬುದು ಅನ್ ಪೆರ್ಹೈಲ್ ಎಂದಾಗದೆ ‘ಅ ಫೆರ್ಹೈಲ್’ ಎಂದಾಗಿದೆ: ನಕಾರ ಬಿದ್ದು ಪ ಎಂಬುದು ಫ ಆಯಿತು. ‘ಮೆರಿಲ್‌ಗೆ’ ಎಂಬಲ್ಲಿ ನಕಾರ ಮಕಾರವಾಗಿ ‘ಅಮ್ ಮೆರಿಲ್’ ಎಂದಿದೆ. ಇದೇ ಅಚ್ಚಿನಲ್ಲಿ ಪೆದೆದ್ ಎಂಬುದರಿಂದ ‘ಅ ಫೆದೆದ್’, ತೀರದ್ ಎಂಬುದರಿಂದ ‘ಅ ಥೀರದ್’, ಕಬೆದ್ ಎಂಬುದರಿಂದ ‘ಅ ಖಬೆದ್’, ಮದೆದ್ ಎಂಬುದರಿಂದ ‘ಅಮ್ ಮದೆದ್’. ಈ ನಾಲ್ಕೂ ನಕ್ಷತ್ರದ ಗುರುತಿಗೆ ಸೇರುವವು, ಸಾದೃಶ್ಯದಿಂದ ಕಟ್ಟಿದವು.

ನಿಮ್ಮ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಹಾಡುತ್ತಿದ್ದೇನೆ’ ಎಂಬುದಕ್ಕೂ ಲಿನ್ನದ್ ಬಳಸಿದ ವಾಕ್ಯವಿದೆ. ಅದು ವೆಲ್ಶಿನ ರೀತಿ. ಅಲ್ಲಿ ‘ಇರು’ ಧಾತು, ‘ಅನ್’ ಎಂಬ ಅವ್ಯಯ, ಆಮೇಲೆ ಭಾವನಾಮ ಸೇರಿ ‘ಹಾಡುವುದರಲ್ಲಿ ಇದ್ದೇನೆ’ ಎಂಬಂತೆ ನಡೆಯುತ್ತಿರುವ ಕಾಲ ಹುಟ್ಟುತ್ತದೆ. ಅವ್ಯಯದ ಜಾಗದಲ್ಲಿ ‘ಆದ ಮೇಲೆ’ ಎಂಬ ಅರ್ಥದ ‘ವೆದಿ’ ಇಟ್ಟರೆ ‘ಹಾಡಿದ್ದೇನೆ’. ಕಾಲವ್ಯವಸ್ಥೆಯ ಅರ್ಧ ಭಾರವನ್ನು ಭಾವನಾಮ ಹೊರುವ ಈ ಏರ್ಪಾಡು ಕೆಲ್ಟಿಕ್ ನುಡಿಗಳ ಸೊಗಸು. ಆದರೆ ಸಿಂದರಿನ್ ವಾಕ್ಯಗಳಲ್ಲಿ ಇದಕ್ಕೆ ಆಧಾರವಿಲ್ಲ. ‘ಕೂಗುತ್ತೇನೆ’ ಎನ್ನಲು ನಲ್ಲೊನ್, ‘ಹಾಡುವೆ’ ಎನ್ನಲು ಲಿನ್ನಥೊನ್ ಎಂದು ಪುರುಷಪ್ರತ್ಯಯ ಹತ್ತಿದ ರೂಪಗಳೇ ಟೋಲ್ಕಿನ್ ಬರೆದ ಸ್ತೋತ್ರಗಳಲ್ಲಿವೆ. ‘ಹಾಡುತ್ತೇನೆ, ಹಾಡುತ್ತಿದ್ದೇನೆ’ ಎರಡಕ್ಕೂ ಲಿನ್ನೊನ್ ಸಾಕು. ಸರ್ವನಾಮ ಕರ್ಮವಾದಾಗಲೂ ವೆಲ್ಶನ್ನು ಅನುಸರಿಸಬೇಡಿ. ವೆಲ್ಶಿನಲ್ಲಿ ‘ಅವನನ್ನು ಪ್ರೀತಿಸುವುದು’ ಎಂಬುದು ‘ಅವನ ಪ್ರೀತಿಸುವಿಕೆ’, ಇ ಗರಿ. ‘ಅವಳನ್ನು’ ಎಂದಾದರೆ ಇ ಖರಿ. ಅವನ, ಅವಳ ಎರಡಕ್ಕೂ ಒಂದೇ ‘ಇ’, ವ್ಯತ್ಯಾಸ ತೋರುವುದು ಮುಂದಿನ ವ್ಯಂಜನ ಮಾತ್ರ. ಸಿಂದರಿನ್ನಿನಲ್ಲಿ ‘ನನ್ನನ್ನು ಕಾಯಿ’ ಎಂಬುದು ತೀರೊ ನಿನ್, ಕರ್ಮಸರ್ವನಾಮ ಕ್ರಿಯಾಪದದ ನಂತರ ಸುಮ್ಮನೆ ನಿಲ್ಲುತ್ತದೆ.

ಬರಹದ ಕೊನೆಯಲ್ಲಿ ವಿದ್ಯಾರ್ಥಿಗಳು ತಾವೇ ಕೆಲ್ಟಿಕ್ ಬಗೆಯ ಭಾಷೆ ಕಟ್ಟಿ ನೋಡಲಿ ಎಂದು ಕರೆ ಕೊಟ್ಟಿದ್ದೀರಿ. ಅದು ಬಹಳ ಒಳ್ಳೆಯ ಅಭ್ಯಾಸ, ಅದಕ್ಕಾಗಿ ಎರಡು ಮಾತು. ಎಲ್ಲ ಧಾತುಗಳಿಗೂ ಒಂದೇ ಕೊನೆ ಹಚ್ಚಿದರೆ ಭಾಷೆ ಕೆಲ್ಟಿಕ್ ಆಗಿ ಕೇಳಿಸುವುದಿಲ್ಲ. ವೆಲ್ಶಿನಂತೆ ಧಾತುಸ್ವರಕ್ಕೆ ತಕ್ಕ ಮೂರ್ನಾಲ್ಕು ಕೊನೆಗಳನ್ನು ಇಟ್ಟುಕೊಳ್ಳಿ. ಮೇಲೆ ಕೊಟ್ಟ ಮೂರು ಸಾಲಿನ ನಿಯಮವೇ ಸಾಕಷ್ಟು ಸಹಜವಾದ ವೈವಿಧ್ಯ ಕೊಡುತ್ತದೆ. ತೀರಾ ಬಳಕೆಯ ಐದಾರು ಕ್ರಿಯೆಗಳನ್ನು ನಿಯಮದಿಂದ ಹೊರಗಿಡಿ. ಐರಿಶಿನಲ್ಲಿ ‘ಬಾ, ಹೋಗು, ಹೇಳು’ ಎಂಬ ಕ್ರಿಯೆಗಳ ಭಾವನಾಮಗಳು ಆಜ್ಞಾರೂಪವನ್ನು ಹೋಲುವುದೇ ಇಲ್ಲ, ಏಕೆಂದರೆ ದಿನವೂ ನಾಲಿಗೆಯ ಮೇಲಿರುವ ಪದಗಳು ಹಳೆಯ ರೂಪಗಳನ್ನು ಬಿಟ್ಟುಕೊಡುವುದಿಲ್ಲ. ಕರ್ಮ ಷಷ್ಠಿಯಲ್ಲೋ ದ್ವಿತೀಯೆಯಲ್ಲೋ ಎಂಬುದನ್ನು ಶಬ್ದಕೋಶ ಬೆಳೆಸುವ ಮೊದಲೇ ತೀರ್ಮಾನಿಸಿ, ಆಮೇಲೆ ಬದಲಿಸಿದರೆ ಬರೆದ ಪ್ರತಿ ವಾಕ್ಯದ ಮೊದಲ ವ್ಯಂಜನಗಳನ್ನೂ ತಿದ್ದಬೇಕಾಗುತ್ತದೆ. ನಿಷೇಧವನ್ನು ಬಹುಮಂದಿ ಮರೆಯುತ್ತಾರೆ. ನಾವು ‘ಹೋಗದಿರುವುದು’ ಎನ್ನುತ್ತೇವೆ. ವೆಲ್ಶಿನವರು ‘ನಿಲ್ಲಿಸುವುದು’ ಎಂಬ ಅರ್ಥದ ಪೈದ್ಯೊ ಎಂಬ ಇನ್ನೊಂದು ಭಾವನಾಮವನ್ನು ಮುಂದಿಟ್ಟು ಹೇಳುತ್ತಾರೆ, ಐರಿಶಿನವರು ‘ಇಲ್ಲದೆ’ ಎಂಬ ಅರ್ಥದ ಗನ್ ಇಡುತ್ತಾರೆ. ನಿಮ್ಮ ಭಾಷೆ ಏನು ಮಾಡುತ್ತದೆ ಎಂದು ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಪಟ್ಟಿಯನ್ನು ಮತ್ತೆ ಅಚ್ಚು ಹಾಕುವುದಾದರೆ ತಿದ್ದುಪಡಿ ಹೆಚ್ಚಿಲ್ಲ. ಮೊದಲ ಕಾಲಂನಲ್ಲಿ ಇನ್ಫಿನಿಟಿವ್ ಎಂಬ ತಲೆಬರಹ ತೆಗೆದು ಧಾತುವನ್ನೇ ಕೊಡಿ: ಲಿನ್ನ-, ತೆಯ್ಥ-, ಮದ್-. ಎರಡನೆಯದರಲ್ಲಿ ಭಾವನಾಮ: ಲಿನ್ನದ್, ತೆಯ್ಥದ್, ಮದೆದ್, ಮೂರಕ್ಕೂ ನಕ್ಷತ್ರದ ಗುರುತು. ಮೂರನೆಯದರಲ್ಲಿ ವಿಧ್ಯರ್ಥ: ಲಿನ್ನೊ, ತೆಯ್ಥೊ, ಮದೊ. ಮೆದಿಯನ್ನು ಬಿಡುವುದೇ ಬೇಡ ಅನ್ನಿಸಿದರೆ ನೊಲ್ದೊರಿನ್, 1930ರ ದಶಕ ಎಂಬ ಟಿಪ್ಪಣಿಯೊಡನೆ ಪಟ್ಟಿಯ ಕೆಳಗೆ ಹಾಕಿ. ಅನೀರ ತೀರದ್ ಇರುವ ವಾಕ್ಯವನ್ನು ಉದಾಹರಣೆಯಾಗಿ ಪಕ್ಕದಲ್ಲಿ ಕೊಟ್ಟರೆ ಓದುಗರು ನಿಯಮವನ್ನು ಟೋಲ್ಕಿನ್ ಬರೆದ ವಾಕ್ಯದ ಜೊತೆ ಹೋಲಿಸಿ ತಾವೇ ನೋಡಿಕೊಳ್ಳಬಹುದು.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಮೈಸೂರು